ಆಡು ಮುಟ್ಟುವ ಸೊಪ್ಪು

ಸಾಹಿತಿಗಳ ಸನ್ಮಾನ ಸಭೆಗಳಿಗೆ ಹೋಗಿ ಬರುವ ಅಭ್ಯಾಸವುಳ್ಳವರಿಗೆ ಒಂದು ಗಾದೆಯ ಪರಿಚಯ ಚೆನ್ನಾಗಿಯೇ ಇರುತ್ತದೆ. ಕವಿತೆ, ಕಥೆ, ನಾಟಕ, ವಿಮರ್ಶೆ ಎಂದು ನಾಲ್ಕೈದು ಪ್ರಕಾರಗಳಲ್ಲಿ ಕೈಯಾಡಿಸಿದ ಲೇಖಕರು ವೇದಿಕೆಯ ಮೇಲೆ ಕುಳಿತಿದ್ದಾರೆಂದರೆ, ಅಭಿನಂದನ ಭಾಷಣ ಮಾಡುವವರು "ಆಡು ಮುಟ್ಟದ ಸೊಪ್ಪಿಲ್ಲ, ಇವರು ಬರೆಯದ ಪ್ರಕಾರವಿಲ್ಲ" ಎಂದು ಹೇಳದೆ ಕೆಳಗಿಳಿಯುವುದಿಲ್ಲ. ಸಭೆ ಚಪ್ಪಾಳೆ ತಟ್ಟುತ್ತದೆ. ಲೇಖಕರು ಸಂಕೋಚದಿಂದ ತಲೆ ತಗ್ಗಿಸುತ್ತಾರೆ. ಅವರನ್ನು ಆಡಿಗೆ ಹೋಲಿಸಿದ್ದು ಯಾರಿಗೂ ಅಪಚಾರವೆಂದು ತೋರುವುದಿಲ್ಲ. ನನಗೆ ಮಾತ್ರ, ಹಿತ್ತಲಿನಲ್ಲಿ ಒಂದು ಹಲಸಿನ ಮರವನ್ನೂ ನೆರೆಯಲ್ಲಿ ಹತ್ತು ಹನ್ನೆರಡು ಮೇಕೆಗಳನ್ನೂ ನೋಡಿಕೊಂಡು ಇಪ್ಪತ್ತು ವರ್ಷ ಬಾಳಿದ ಮೇಲೆ, ಈ ಮಾತಿನಿಂದ ಅಪಚಾರವಾಗುತ್ತಿರುವುದು ಆಡಿಗೆ ಎನಿಸುತ್ತದೆ.

ಏಕೆಂದರೆ ಗಾದೆ ನಿಜವಲ್ಲ. ಇದಕ್ಕೆ ಸಾಕ್ಷಿ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಭಾಷೆಯೇ ಸಾಕ್ಷಿ ನುಡಿಯುತ್ತದೆ. ಉಬ್ಬಸಕ್ಕೆ ನಾಟಿ ವೈದ್ಯರು ಬಳಸುವ ಒಂದು ಬಳ್ಳಿಗೆ ನಮ್ಮ ಜನ ಇಟ್ಟಿರುವ ಹೆಸರು ಆಡುಮುಟ್ಟದ ಬಳ್ಳಿ. ಕೆಮ್ಮಿನ ಕಷಾಯಕ್ಕೆ ಹಾಕುವ ಆಡುಸೋಗೆಯನ್ನು ತಮಿಳರು ಆಡಾತೊಡೈ ಎನ್ನುತ್ತಾರೆ. ಆಡು ತೊಡದ, ಎಂದರೆ ಆಡು ಮುಟ್ಟದ ಗಿಡವೆಂದೇ ಅದಕ್ಕೆ ಅರ್ಥ ಹೇಳುವುದುಂಟು. ಗಾದೆಯನ್ನು ಕಟ್ಟಿದವರು ಆಡನ್ನು ದೂರದಿಂದ ಕಂಡವರಿರಬೇಕು. ಗಿಡಕ್ಕೆ ಹೆಸರಿಟ್ಟವರು ಆಡಿನ ಹಿಂದೆ ನಡೆದವರು. ಒಂದೇ ಭಾಷೆಯಲ್ಲಿ ಎರಡೂ ಉಳಿದು ಬಂದಿವೆ. ಆದರೆ ವೇದಿಕೆಯೇರಿದ್ದು ದೂರದಿಂದ ಕಂಡವರ ಮಾತು.

ಆಡು ಮೇಯುವುದನ್ನು ಅರ್ಧ ಗಂಟೆ ನಿಂತು ನೋಡಿದವರು ಅದನ್ನು ಹೊಟ್ಟೆಬಾಕನೆಂದು ಹೇಳಲಾರರು. ಹಸು ನಾಲಿಗೆಯನ್ನು ಚಾಚಿ, ಹುಲ್ಲನ್ನು ಹಿಡಿಯಷ್ಟಾಗಿ ಸುತ್ತಿ ಕಿತ್ತು ಬಾಯಿಗೆಳೆದುಕೊಳ್ಳುತ್ತದೆ; ಎಲೆ ಯಾವುದು, ಕಡ್ಡಿ ಯಾವುದು ಎಂಬ ವಿಚಾರ ಅದಕ್ಕೆ ಬೇಕಿಲ್ಲ. ಆಡಿನ ರೀತಿ ಬೇರೆ. ಅದು ಹಿಂಗಾಲುಗಳ ಮೇಲೆ ನಿಂತು, ಮುಂಗಾಲುಗಳನ್ನು ಕಾಂಡಕ್ಕೆ ಊರಿ, ಬೆರಳಿನಂತೆ ಅಲುಗುವ ಮೇಲ್ದುಟಿಯಿಂದ ಎರಡು ಮುಳ್ಳುಗಳ ನಡುವಿನ ಒಂದೇ ಎಲೆಯನ್ನು ಬಿಡಿಸಿಕೊಳ್ಳಬಲ್ಲುದು. ಒಂದು ಗಿಡದಲ್ಲಿ ನಾಲ್ಕು ಬಾಯಿ ತಿಂದು ಮುಂದಿನ ಗಿಡಕ್ಕೆ ಹೋಗುತ್ತದೆ. ನೆಲಕ್ಕೆ ಬಿದ್ದು ಕಾಲ್ತುಳಿತಕ್ಕೆ ಸಿಕ್ಕಿದ ಸೊಪ್ಪನ್ನು ಹಸಿದಿದ್ದರೂ ಮೂಸಿ ಬಿಟ್ಟುಬಿಡುತ್ತದೆ. ಆದಕಾರಣವೇ ಮೇಕೆ ಸಾಕುವ ಮನೆಗಳಲ್ಲಿ ಹಲಸಿನ ರೆಂಬೆಗಳನ್ನು ಕಟ್ಟು ಕಟ್ಟಿ ಸೂರಿನ ಗಳುವಿನಿಂದ ತೂಗುಬಿಡುವುದು. ಅದನ್ನು ಎಷ್ಟೋ ವರ್ಷ ಅಲಂಕಾರವೆಂದೇ ತಿಳಿದಿದ್ದ ನನ್ನಂಥವರೂ ಇದ್ದಾರೆ.

ಈ ಪೀಠಿಕೆಗೆ ಕಾರಣವಾದದ್ದು ಈಚೆಗೆ ಎಲ್ಲೆಲ್ಲಿಯೂ ಕೇಳಿಬರುತ್ತಿರುವ "ಪರ್ಯಾಯ ಮೇವು" ಎಂಬ ಮಾತು. ಬರ ಬಂದಾಗ, ಹುಲ್ಲಿನ ಬೆಲೆ ಏರಿದಾಗ, ಹಣ್ಣಿನ ಮರಗಳ ಸೊಪ್ಪನ್ನು ಜಾನುವಾರುಗಳಿಗೆ ಪರ್ಯಾಯ ಮೇವಾಗಿ ಬಳಸಬಹುದೆಂದು ಹೇಳುತ್ತಾರೆ. ಹೇಳುವವರ ಉದ್ದೇಶ ಒಳ್ಳೆಯದು. ಹೇಳುವ ವಿಷಯದಲ್ಲಿಯೂ ಬಹುಪಾಲು ಸತ್ಯವಿದೆ. ನನ್ನ ತಕರಾರು ಆ ವಿಶೇಷಣದ ಮೇಲೆ. ಯಾರಿಗೆ ಪರ್ಯಾಯ? ಆಡಿಗೆ ಮರದ ಸೊಪ್ಪು ಪರ್ಯಾಯವಾದರೆ ನಮಗೆ ಮುದ್ದೆಯೂ ಅನ್ನವೂ ಪರ್ಯಾಯವಾಗಬೇಕು. ಅದು ಆಡಿನ ಮೂಲ ಆಹಾರ. ಅದರ ತುಟಿ, ನಾಲಿಗೆ, ನಿಲ್ಲುವ ಭಂಗಿ ಎಲ್ಲವೂ ಆ ಊಟಕ್ಕಾಗಿ ರೂಪುಗೊಂಡಿವೆ. ಹಸುವಿಗೆ ಅದು ನಿಜವಾಗಿ ಪರ್ಯಾಯ. ಅದೂ ಒಂದು ಮಿತಿಯೊಳಗೆ. "ಜಾನುವಾರು" ಎಂಬ ಒಂದೇ ಪದದೊಳಗೆ ಎರಡನ್ನೂ ಸೇರಿಸಿ, "ಸೊಪ್ಪು" ಎಂಬ ಒಂದೇ ಪದದೊಳಗೆ ಮಾವು ಹಲಸು ನೇರಳೆಗಳನ್ನೆಲ್ಲ ತುಂಬಿ ಉಪದೇಶ ಮಾಡಿದರೆ, ಒಮ್ಮೊಮ್ಮೆ ಹಸು ಕೆಡುತ್ತದೆ. ಹೆಚ್ಚಾಗಿ ಆಡಿಗೆ ಅನ್ಯಾಯವಾಗುತ್ತದೆ.

ಹಸು ಕೆಡುವುದನ್ನು ನಾನು ಕಣ್ಣಾರೆ ಕಂಡವನು; ಕೆಡಿಸಿದವನೂ ನಾನೇ. ಅದು ಪಾಠ ಹೇಳುವ ಉದ್ಯೋಗದಿಂದ ನಿವೃತ್ತನಾದ ಹೊಸತು. ಹಾಲಿಗೆಂದು ಒಂದು ಹಸುವನ್ನು ತಂದು ಕಟ್ಟಿದ್ದೆ. ಮನೆಯ ಮೇಲೆ ಚಾಚಿದ್ದ ಹಲಸಿನ ಕೊಂಬೆಗಳನ್ನು ಒಂದು ದಿನ ಕಡಿಸಿದಾಗ ಹಿತ್ತಲ ತುಂಬ ಹಸುರು ಬಿತ್ತು. ಮೇಕೆಗಳಿಗೆ ಇದು ಪ್ರಿಯವಾದ ಸೊಪ್ಪೆಂಬುದು ಗೊತ್ತಿತ್ತು. ಮೇಕೆಗೆ ಒಪ್ಪುವುದು ಗೋವಿಗೆ ಏಕೆ ಒಪ್ಪಬಾರದು ಎಂದು ತರ್ಕಿಸಿ, ರಾಗಿ ಹುಲ್ಲನ್ನು ಉಳಿಸುವ ಜಾಣತನದಿಂದ, ಮೂರು ದಿನ ಹೆಚ್ಚುಕಡಮೆ ಆ ಸೊಪ್ಪೊಂದನ್ನೇ ಹಾಕಿದೆ. ನಾಲ್ಕನೆಯ ದಿನ ಹಸು ಮೆಲುಕು ಹಾಕುವುದನ್ನು ಕಡಮೆ ಮಾಡಿತು, ಸಗಣಿ ಗಟ್ಟಿಯಾಯಿತು, ಹಾಲು ಇಳಿಯಿತು. ನೆರೆಯ ಮುದುಕಿ ಬೇಲಿಯಾಚೆಯಿಂದ ಇಣುಕಿ ನೋಡಿ, "ಏನ್ ಮೇಷ್ಟ್ರೇ, ಹಸೀಗೆ ಮೇಕೆ ಊಟ ಬಡಿಸಿಬಿಟ್ಟಿದ್ದೀರಲ್ಲ! ಅದರ ಹೊಟ್ಟೆ ಬೇರೆ, ಇದರ ಹೊಟ್ಟೆ ಬೇರೆ. ಹುಲ್ಲಿನ ಜೊತೆಗೆ ಒಂದು ತಬ್ಬು ಹಾಕಿ, ಬೇಡ ಅನ್ನಲ್ಲ. ಸೊಪ್ಪೇ ಹಾಕಿದರೆ ಒಗರು ಕಟ್ಟುತ್ತೆ," ಎಂದಳು. ಅನಂತರ ಬಂದ ಪಶುವೈದ್ಯರು ಇದನ್ನೇ ಪುಸ್ತಕದ ಭಾಷೆಯಲ್ಲಿ ಹೇಳಿ, ಔಷಧ ಕೊಟ್ಟು, ಹುಲ್ಲಿಗೆ ಮರಳಲು ಆಜ್ಞೆ ಮಾಡಿ ಹೋದರು. ವಾರದಲ್ಲಿ ಹಸು ಚೇತರಿಸಿಕೊಂಡಿತು. ನನ್ನ ತರ್ಕಶಾಸ್ತ್ರ ಚೇತರಿಸಿಕೊಳ್ಳಲು ಇನ್ನೂ ಸ್ವಲ್ಪ ದಿನ ಹಿಡಿಯಿತು.

ಮುದುಕಿ ಬಳಸಿದ ಆ ಒಂದು ಪದದಲ್ಲಿ ಈ ವಿಷಯದ ಶಾಸ್ತ್ರವೆಲ್ಲ ಅಡಗಿದೆ. ಎಳೆಯ ಅಡಕೆಯನ್ನು ಕಚ್ಚಿದಾಗ, ಬಲಿಯದ ನೇರಳೆಯನ್ನು ಬಾಯಿಗೆ ಹಾಕಿದಾಗ ನಾಲಿಗೆ ಬಿಗಿದುಕೊಳ್ಳುತ್ತದಲ್ಲ, ಅದೇ ಒಗರು. ವಿಜ್ಞಾನಿಗಳು ಅದಕ್ಕೆ ಕಾರಣವಾದ ವಸ್ತುವನ್ನು ಟ್ಯಾನಿನ್ ಎನ್ನುತ್ತಾರೆ. ತಂಗಡಿ ಗಿಡದ ತೊಗಟೆಯಲ್ಲಿ ಅದು ಹೇರಳವಾಗಿರುವುದರಿಂದಲೇ ನಮ್ಮ ನಾಡಿನಲ್ಲಿ ಹಿಂದೆ ಆ ತೊಗಟೆಯಿಂದ ತೊಗಲನ್ನು ಹದ ಮಾಡುತ್ತಿದ್ದರು. ತೊಗಲಿನಲ್ಲಿರುವ ಪ್ರೋಟೀನನ್ನು ಟ್ಯಾನಿನ್ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಆಮೇಲೆ ಆ ತೊಗಲು ಕೊಳೆಯದು. ಎಲೆಯೊಳಗಿನ ಪ್ರೋಟೀನಿಗೂ ಹಸುವಿನ ಹೊಟ್ಟೆಯಲ್ಲಿ ಇದೇ ಗತಿ. ಮೆಲುಕು ಹಾಕುವ ಪ್ರಾಣಿಯ ಮೊದಲ ಹೊಟ್ಟೆಯಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳಿದ್ದು, ನಾರನ್ನು ಕರಗಿಸುವ ಕೆಲಸ ಅವುಗಳದು. ಅವುಗಳಿಗೂ ಊಟ ಬೇಕು: ಒಣಗಿಸಿದ ಮೇವಿನ ತೂಕದಲ್ಲಿ ನೂರಕ್ಕೆ 7 ಪಾಲಾದರೂ ಪ್ರೋಟೀನ್ ಇಲ್ಲದಿದ್ದರೆ ಅವು ಸೊರಗುತ್ತವೆ, ಅವು ಸೊರಗಿದರೆ ಹೊಟ್ಟೆಯಲ್ಲಿ ಮೇವಿದ್ದರೂ ಪ್ರಾಣಿ ಉಪವಾಸ. ಭತ್ತದ ಹುಲ್ಲಿನಲ್ಲಿ ಇರುವುದು ಮೂರು ನಾಲ್ಕು ಪಾಲು. ಹಲಸಿನ ಎಲೆಯಲ್ಲಿ ಸುಮಾರು 12ರಿಂದ 15. ಮಾವಿನ ಎಲೆ ಎಂಟರ ಆಸುಪಾಸಿನಲ್ಲಿ, ಹೊಸ್ತಿಲ ಮೇಲೆ ನಿಂತಿರುತ್ತದೆ. ನುಗ್ಗೆಯ ಸೊಪ್ಪಿನಲ್ಲಿ ಇಪ್ಪತ್ತಕ್ಕೂ ಮೇಲೆ. ಅದನ್ನು ನಾವೇ ತಿಂದು ಮುಗಿಸುತ್ತೇವೆ.

ಈ ಅಂಕಿಗಳನ್ನು ಮಾತ್ರ ನೋಡಿದವರಿಗೆ ಹಲಸಿನ ಸೊಪ್ಪು ಹಿಂಡಿಗೆ ಸಮನೆನಿಸಬಹುದು. ಪಟ್ಟಿಯಲ್ಲಿರುವ ಪ್ರೋಟೀನೆಲ್ಲ ಹೊಟ್ಟೆಗೆ ದಕ್ಕುವುದಿಲ್ಲವೆಂಬುದನ್ನು ಒಗರು ಹೇಳಿಕೊಡುತ್ತದೆ. ಆದರೂ ಒಗರನ್ನು ವಿಷವೆಂದು ದೂರುವುದು ತಪ್ಪು. ಮಿತವಾಗಿದ್ದಾಗ ಅದು ಪ್ರೋಟೀನನ್ನು ಮೊದಲ ಹೊಟ್ಟೆಯಲ್ಲಿ ವ್ಯರ್ಥವಾಗದಂತೆ ಕಾಪಾಡಿ ಮುಂದಕ್ಕೆ ಸಾಗಿಸುತ್ತದೆ; ಹಸಿ ಮೇವಿನಿಂದ ಬರುವ ಹೊಟ್ಟೆಯುಬ್ಬರವನ್ನು ತಡೆಯುತ್ತದೆ; ಜಂತುಹುಳುಗಳಿಗೆ ಅದು ಅಹಿತ. ಜೊತೆಗೆ, ನೆಲಮಟ್ಟದ ಹುಲ್ಲಿಗೆ ಅಂಟಿಕೊಂಡಿರುವ ಹುಳುವಿನ ಮರಿಗಳು ಎತ್ತರದ ಎಲೆಯಲ್ಲಿರುವುದಿಲ್ಲ; ಸೊಪ್ಪು ಮೇಯುವ ಆಡಿಗೆ ಹುಳುವಿನ ಕಾಟ ಕಡಮೆಯಾಗುವುದಕ್ಕೆ ಇದೂ ಒಂದು ಕಾರಣ. ಆಡು ಒಗರನ್ನು ಹಸುವಿಗಿಂತ ಚೆನ್ನಾಗಿ ತಾಳಿಕೊಳ್ಳುತ್ತದೆಂಬುದು ಪಶು ಆಹಾರ ಶಾಸ್ತ್ರದಲ್ಲಿ ಎಲ್ಲರೂ ಒಪ್ಪಿರುವ ಮಾತು. ಅದು ತಾಳುವ ರೀತಿಯೂ ಅದರ ನಡತೆಯಲ್ಲಿಯೇ ಕಾಣುತ್ತದೆ: ಇಲ್ಲಿ ನಾಲ್ಕು ಬಾಯಿ, ಅಲ್ಲಿ ನಾಲ್ಕು ಬಾಯಿ. ಯಾವ ಗಿಡದ ದೋಷವೂ ಹೊಟ್ಟೆಯಲ್ಲಿ ಒಟ್ಟಾಗಿ ಸೇರುವುದಿಲ್ಲ.

ಬಾಯಿಗೆ ಬಾಯಿ ಬದಲಿಸುವ ಈ ಸ್ವಾತಂತ್ರ್ಯವನ್ನು ಪ್ರಾಣಿಯಿಂದ ಕಿತ್ತುಕೊಂಡರೆ ಏನಾಗುತ್ತದೆಂಬುದಕ್ಕೆ ನಮ್ಮ ದೇಶದಲ್ಲಿಯೇ ಒಂದು ವಿಚಿತ್ರವಾದ ಕಥೆಯಿದೆ. ಚಿತ್ರಕಲೆಯಲ್ಲಿ ಆಸಕ್ತಿಯುಳ್ಳವರು ಕೇಳಿರಬಹುದು. ಹಳೆಯ ಕಾಲದ ಚಿತ್ರಗಳಲ್ಲಿ ಹೊಳೆಯುವ ಪಿವುರಿ ಎಂಬ ಹಳದಿ ಬಣ್ಣ ಬಂಗಾಳದ ಕಡೆಯಿಂದ ಯೂರೋಪಿಗೆ ಹೋಗುತ್ತಿತ್ತು. ಅದು ಎಲ್ಲಿಂದ ಬರುತ್ತದೆಂಬುದನ್ನು ವಿಚಾರಿಸಲು ಹೋದವರು ತ್ರೈಲೋಕ್ಯನಾಥ ಮುಖೋಪಾಧ್ಯಾಯರು. ಬಂಗಾಳಿ ಸಾಹಿತ್ಯದಲ್ಲಿ 'ಕಂಕಾವತಿ'ಯಂಥ ಅದ್ಭುತ ಕಥೆಯನ್ನು ಬರೆದು ಹೆಸರಾದವರೂ ಇವರೇ. ಅವರು 1883ರಲ್ಲಿ ಲಂಡನ್ನಿನ ಕಲಾಸಂಘಕ್ಕೆ ಬರೆದು ತಿಳಿಸಿದ್ದೇನೆಂದರೆ, ಬಿಹಾರದ ಮುಂಗೇರಿನ ಬಳಿಯ ಮಿರ್ಜಾಪುರವೆಂಬ ಹಳ್ಳಿಯಲ್ಲಿ ಕೆಲವು ಗೋವಳಿಗರು ಹಸುಗಳಿಗೆ ಮಾವಿನ ಎಲೆ, ನೀರು ಇವೆರಡನ್ನೇ ಕೊಟ್ಟು, ಅವುಗಳ ಗಂಜಲವನ್ನು ಕಾಯಿಸಿ ಸೋಸಿ ಆ ಬಣ್ಣದ ಉಂಡೆಗಳನ್ನು ಮಾಡುತ್ತಿದ್ದರು. ಆ ಹಸುಗಳು ನೋಡಲು ರೋಗಿಷ್ಠವಾಗಿದ್ದುವೆಂದೂ, ಜೀವ ಹಿಡಿದಿರಲೆಂದು ನಡುನಡುವೆ ಬೇರೆ ಮೇವನ್ನು ಕೊಡಬೇಕಾಗುತ್ತಿತ್ತೆಂದೂ ಅವರು ಬರೆದಿದ್ದಾರೆ. ಕಥೆಗಾರನ ಮಾತೆಂದು ಇದನ್ನು ಸಂಶಯಿಸಿದವರುಂಟು. ಆದರೆ ಲಂಡನ್ನಿನ ಕ್ಯೂ ಸಸ್ಯೋದ್ಯಾನದಲ್ಲಿ ಉಳಿದಿದ್ದ ಆ ಬಣ್ಣದ ಮಾದರಿಗಳ ರಾಸಾಯನಿಕ ಪರೀಕ್ಷೆಯ ಫಲ 2019ರಲ್ಲಿ ಪ್ರಕಟವಾದಾಗ ಅದು ಅವರ ಹೇಳಿಕೆಗೆ ಅನುಕೂಲವಾಗಿಯೇ ಇತ್ತು. ಮಾವಿನ ಎಲೆಯೊಳಗಿನ ಮ್ಯಾಂಜಿಫೆರಿನ್ ಎಂಬ ವಸ್ತು ಪ್ರಾಣಿಯ ದೇಹದಲ್ಲಿ ಮಾರ್ಪಟ್ಟು ಹಳದಿಯಾಗಿ ಹೊರಬೀಳುತ್ತದೆ. ಚಿತ್ರದಲ್ಲಿ ಬೆಳಗಿದ್ದು ಹಸುವಿನ ಹಸಿವು. ತೋರಣಕ್ಕೆ ಕಟ್ಟುವ ಮಂಗಳದ ಎಲೆಯೂ ಏಕೈಕ ಊಟವಾದಾಗ ಅಮಂಗಳವೇ.

ಇನ್ನು ಕೆಲವು ಹಣ್ಣಿನ ಮರಗಳಿಗೆ ಮಿತಿಯ ಪ್ರಶ್ನೆಯೇ ಇಲ್ಲ. ಅವುಗಳ ಸೊಪ್ಪು ಮೇವಿಗೆ ಸಲ್ಲದು. ಕೊಡಗಿನ ಕಾಫಿ ತೋಟಗಳಲ್ಲಿ ನೆರಳಿಗೂ ಹಣ್ಣಿಗೂ ಬೆಳೆಸುವ ಬೆಣ್ಣೆ ಹಣ್ಣಿನ ಮರವನ್ನು ಈಗ ಬಯಲುಸೀಮೆಯವರೂ ಹೊಸ ಬೆಳೆಯೆಂದು ನೆಡುತ್ತಿದ್ದಾರೆ. ಅದರ ಎಲೆಯಲ್ಲಿರುವ ಪರ್ಸಿನ್ ಎಂಬ ವಿಷ ಆಡು, ಕುದುರೆ, ಮೊಲ, ಹಸುಗಳಿಗೆ ಹಾನಿಕರ. ಹಾಲು ಕೊಡುವ ಆಡಿನ ಕೆಚ್ಚಲು ಬಾತು ಹಾಲು ನಿಲ್ಲಬಹುದು, ಹೆಚ್ಚು ತಿಂದರೆ ಹೃದಯದ ಸ್ನಾಯುವೇ ಕೆಡಬಹುದು. ಈ ಮರ ನಮ್ಮ ಆಡುಗಳ ಅಜ್ಜ ಮುತ್ತಜ್ಜಂದಿರು ಕಂಡ ಮರವಲ್ಲ. ನಮ್ಮ ಮುದುಕಿಯರಿಗೂ ಅದರ ಗುಣ ಗೊತ್ತಿಲ್ಲ. ಎಳೆಯ ಜೋಳದ ಸಸಿ ದನಕ್ಕೆ ವಿಷವೆಂಬುದನ್ನು ಉತ್ತರ ಕರ್ನಾಟಕದ ರೈತನ ಮಗುವೂ ಬಲ್ಲದು. ಅದು ತಲೆಮಾರುಗಳು ದನ ಕಳೆದುಕೊಂಡು ಕಲಿತ ಪಾಠ. ಬೆಣ್ಣೆ ಹಣ್ಣಿನ ಪಾಠವನ್ನು ಆ ಬೆಲೆ ತೆತ್ತು ಕಲಿಯಬೇಕಾಗಿಲ್ಲ. ಸಸಿ ಮಾರುವವರು ಒಂದು ಮಾತು ಹೇಳಿದರೆ ಸಾಕು. ಹಾಗೆಯೇ ಮಾವು. ಹೂ ಬಿಡುವ ಕಾಲದಲ್ಲಿ ಜಿಗಿಹುಳುವಿಗೆಂದು ಮರದ ಮೇಲೆ ಕೀಟನಾಶಕವನ್ನು ಎರಚುವುದು ತೋಟಗಳಲ್ಲಿ ಸಾಮಾನ್ಯ. ಅಂಥ ಎಲೆಯನ್ನು ಆಡಿನ ಮುಂದೆ ತೂಗುಬಿಡುವುದು ಹೊಣೆಗೇಡಿತನ. ಆದರೆ ಕೊಯ್ಲೆಲ್ಲ ಮುಗಿದು, ಔಷಧಿ ಹೊಡೆದು ತಿಂಗಳುಗಳು ಕಳೆದು, ಒಂದೆರಡು ಮಳೆ ಬಿದ್ದ ಮೇಲಿನ ಎಲೆಯ ಮಾತು ಬೇರೆ. ಯಾವಾಗ, ಏನು ಹೊಡೆದಿದ್ದೇನೆ ಎಂಬುದನ್ನು ತೋಟದವನು ಸತ್ಯವಾಗಿ ಹೇಳಬೇಕು, ಅಷ್ಟೆ.

ಆ ತೋಟದವನ ವಿಷಯಕ್ಕೆ ಈಗ ಬರುತ್ತೇನೆ. ಈ ಲೇಖನವನ್ನು ಬರೆಯಬೇಕೆನಿಸಿದ್ದೂ ಅದಕ್ಕಾಗಿಯೇ.

ನಮ್ಮದು ಕೋಲಾರದ ಕಡೆಯ ಊರು. ಶ್ರೀನಿವಾಸಪುರದ ಮಾವಿನ ಹೆಸರನ್ನು ಕೇಳದವರಿಲ್ಲ. ಆ ಸುತ್ತಿನಲ್ಲಿ ಕಣ್ಣು ಹಾಯಿಸಿದತ್ತ ಮಾವಿನ ತೋಪುಗಳು. ಕಾಯಿ ಇಳಿಸಿದ ಮೇಲೆ, ಮಳೆಗಾಲದ ನಡುವೆ, ಒತ್ತಾಗಿ ಬೆಳೆದ ರೆಂಬೆಗಳನ್ನು ಸವರಿ ಮರದೊಳಕ್ಕೆ ಬಿಸಿಲು ಗಾಳಿ ಹೋಗುವಂತೆ ಮಾಡಬೇಕೆಂಬುದು ತೋಟಗಾರಿಕೆಯವರ ಸಲಹೆ. 2023ರ ಆಗಸ್ಟಿನಲ್ಲಿ ನಮ್ಮ ಊರಿನ ಪಕ್ಕದ ತೋಪೊಂದರಲ್ಲಿ ಆ ಕೆಲಸ ನಡೆಯಿತು. ಆ ತಿಂಗಳು ಮಳೆ ಹೇಗೆ ಕೈಕೊಟ್ಟಿತೆಂಬುದು ಎಲ್ಲರಿಗೂ ನೆನಪಿರಬಹುದು. ಸೆಪ್ಟೆಂಬರಿನಲ್ಲಿ ಸರ್ಕಾರ 195 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿತು. ನವೆಂಬರಿನ ಹೊತ್ತಿಗೆ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಆ ಪಟ್ಟಿಗೆ ಸೇರಿದುವು. ಆಗಸ್ಟಿನ ಕೊನೆಯ ವಾರದ ಒಂದು ಸಂಜೆ ನಾನು ತೋಪಿನ ಬದಿಯಲ್ಲಿ ನಡೆದು ಬರುತ್ತಿರುವಾಗ ಸವರಿದ ರೆಂಬೆಗಳು ಬದುವಿನುದ್ದಕ್ಕೂ ಆಳೆತ್ತರ ರಾಶಿ ಬಿದ್ದಿದ್ದುವು. ಎಲೆ ಇನ್ನೂ ಹಸುರಾಗಿತ್ತು. ಎರಡು ದಿನ ಬಿಟ್ಟು ಅದೇ ದಾರಿಯಲ್ಲಿ ಬಂದಾಗ ರಾಶಿಗೆ ಬೆಂಕಿ ಇಟ್ಟಿದ್ದರು. ಹೊಗೆ ಹಳ್ಳಿಯ ಮೇಲೆ ಹಾಸಿಕೊಂಡಿತ್ತು.

ಆ ಹೊಗೆಯಲ್ಲಿಯೇ ನೆರೆಯ ಮುದುಕಿ ಮೇಕೆಗಳನ್ನು ಹೊಡೆದುಕೊಂಡು ಎದುರಿಗೆ ಬಂದಳು. ನಾನು, "ಇದನ್ನು ಕೇಳಿ ಇಸಿದುಕೊಳ್ಳಬಾರದಾಗಿತ್ತೇನಮ್ಮ?" ಎಂದೆ. ಅವಳು, "ಕೇಳಿದೆ ಮೇಷ್ಟ್ರೇ. ಇವತ್ತು ಸೊಪ್ಪಿಗೆ ಬಿಟ್ಟರೆ ನಾಳೆ ಕಾಯಿಗೂ ಬರ್ತೀಯ ಅಂದ್ರು. ಹೋಗಲಿ ಅಂತ ಸುಮ್ಮನಾದೆ," ಎಂದಳು. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ದೀಪಾವಳಿಯ ಹೊತ್ತಿಗೆ ಹನ್ನೆರಡರಲ್ಲಿ ಏಳನ್ನು ಮಾರಿಬಿಟ್ಟಳು. ಊರಿನವರೆಲ್ಲ ಒಟ್ಟಿಗೆ ಸಂತೆಗೆ ಹೊಡೆದ ಕಾಲದಲ್ಲಿ ಮೇಕೆಗೆ ಏನು ಬೆಲೆ ಬಂದೀತು? ಅದೇ ಸಮಯದಲ್ಲಿ ಹುಲ್ಲು ತುಂಬಿದ ಲಾರಿಗಳು ಹೆದ್ದಾರಿಯಲ್ಲಿ ಸಾಗುವುದನ್ನು ನಾನು ನೋಡಿದ್ದೇನೆ. ಅವು ಹಸುಗಳಿಗೆ ಬಂದವು. ಬರಲಿ, ಹಸುವಿಗೂ ಹಸಿವೆಯುಂಟು. ಅದರ ಮೇವನ್ನು ಕಂಡು ಕರುಬುವವನು ನಾನಲ್ಲ. ಆದರೆ ಬರದ ಮೇವೆಂದರೆ ಹುಲ್ಲು ಎಂದು ತೀರ್ಮಾನಿಸಿದ ಗಳಿಗೆಯಲ್ಲಿಯೇ ಮೇಕೆಯ ಮನೆ ಲೆಕ್ಕದಿಂದ ಹೊರಬಿತ್ತೆಂಬುದನ್ನು ಯಾರೂ ಗಮನಿಸಲಿಲ್ಲ.

ಈ ಲೆಕ್ಕ ಸಣ್ಣದಲ್ಲ. 2019ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ 14.88 ಕೋಟಿ ಆಡುಗಳಿವೆ. ಕರ್ನಾಟಕದಲ್ಲಿಯೇ 60 ಲಕ್ಷಕ್ಕೂ ಮೇಲೆ. ಅವುಗಳಲ್ಲಿ ಬಹುಪಾಲು ಹೊಲವಿಲ್ಲದವರ, ಅರೆಪಾಲು ಎಕರೆಯುಳ್ಳವರ ಮನೆಯಲ್ಲಿವೆ. ಹೊಲವಿಲ್ಲದವನಿಗೆ ಹುಲ್ಲಿಲ್ಲ, ಹುಲ್ಲಿಲ್ಲದವನು ಹಸು ಕಟ್ಟಲಾರ, ಆದುದರಿಂದ ಅವನು ಆಡು ಕಟ್ಟುತ್ತಾನೆ. ಆಡು ಇನ್ನೊಬ್ಬರ ಬೇಲಿಯ ಮೇಲೆ, ಗೋಮಾಳದ ಜಾಲಿಯ ಮೇಲೆ, ಕಾಡಂಚಿನ ಗಿಡದ ಮೇಲೆ ಬದುಕುತ್ತದೆ. ಗೋಮಾಳಗಳು ಈಗ ಎಷ್ಟು ಉಳಿದಿವೆಯೆಂಬುದನ್ನು ಓದುಗರು ತಮ್ಮ ತಮ್ಮ ಊರುಗಳನ್ನು ನೆನೆದು ತಾವೇ ಹೇಳಿಕೊಳ್ಳಲಿ. ಕಾಡಿನ ಬಾಗಿಲೂ ಕಿರಿದಾಗುತ್ತಿದೆ. 2025ರ ಜೂನಿನಲ್ಲಿ ಮಲೆ ಮಹದೇಶ್ವರ ಬೆಟ್ಟದ ಕಾಡಿನಲ್ಲಿ ವಿಷವಿಕ್ಕಿದ ಹಸುವಿನ ಕಳೇಬರವನ್ನು ತಿಂದು ಒಂದು ತಾಯಿ ಹುಲಿ, ನಾಲ್ಕು ಮರಿಗಳು ಸತ್ತುವು. ಕಾಡಿನೊಳಗೆ ದನಕರು ಮೇಯಿಸುವುದನ್ನೇ ನಿಲ್ಲಿಸಬೇಕೆಂಬ ಮಾತು ಅದರ ಹಿಂದೆಯೇ ಬಂತು. ಹುಲಿಯ ಪಕ್ಷದಲ್ಲಿ ನ್ಯಾಯವಿಲ್ಲವೆಂದು ನಾನು ಹೇಳಲಾರೆ. ಆಡು ಎಳೆಯ ಗಿಡಗಳ ಕುಡಿಯನ್ನು ಚಿವುಟಿ ಕಾಡನ್ನು ಮೇಲೇಳಗೊಡುವುದಿಲ್ಲವೆಂಬ ಅರಣ್ಯಾಧಿಕಾರಿಗಳ ಹಳೆಯ ದೂರಿನಲ್ಲಿಯೂ ಹುರುಳಿದೆ. ಆದರೆ ಕಾಡಿನ ಸೊಪ್ಪನ್ನು ಬೇಡವೆನ್ನುವವರು ಊರಿನ ಸೊಪ್ಪು ಎಲ್ಲಿದೆಯೆಂಬುದನ್ನೂ ಜೊತೆಯಲ್ಲಿಯೇ ತೋರಿಸಬೇಡವೆ?

ಊರಿನ ಸೊಪ್ಪು ಇರುವುದು ಹಣ್ಣಿನ ಮರಗಳಲ್ಲಿ. ಬದುವಿನ ಹಲಸು, ತೋಪಿನ ಮಾವು, ಕೆರೆಯ ಏರಿಯ ನೇರಳೆ, ಹುಣಸೆ, ಗುಂಡುತೋಪಿನ ಅತ್ತಿ, ಹಿತ್ತಲಿನ ಸೀಬೆ, ಹಾಳು ಹೊಲದ ಎಲಚಿ. ಇಪ್ಪತ್ತೈದು ಕಿಲೋ ತೂಗುವ ಆಡಿಗೆ ದಿನಕ್ಕೆ ಮೂರು ಕಿಲೋದಷ್ಟು ಹಸಿ ಸೊಪ್ಪು ಬೇಕು. ಸವರಿದ ಒಂದು ದೊಡ್ಡ ಮಾವಿನ ಮರದ ಕೆಳಗೆ ಬೀಳುವ ರಾಶಿಯನ್ನು ಕಂಡವರು ಉಳಿದ ಗುಣಾಕಾರವನ್ನು ತಾವೇ ಮಾಡಿಕೊಳ್ಳಬಹುದು. ಮಾವನ್ನೇ ಇಡೀ ಊಟ ಮಾಡಬಾರದೆಂದು ಮೇಲೆ ಹೇಳಿದ್ದೇನೆ. ಆದರೆ ಅರೆಹೊಟ್ಟೆಯ ಆಡಿಗೆ ಹಲಸಿನ ಜೊತೆ, ಜಾಲಿಯ ಕಾಯಿಯ ಜೊತೆ ಕೊಡುವ ಮಾವಿನ ಸೊಪ್ಪು ಬೂದಿಗಿಂತ ಉತ್ತಮವಲ್ಲವೆ?

ಮರದ ಮಾಲಿಕರ ಆಕ್ಷೇಪಣೆಯನ್ನೂ ಕೇಳಬೇಕು. ಎಲೆಯೇ ಮರದ ಅಡಿಗೆಮನೆ. ಅದನ್ನು ಬೋಳಿಸಿದರೆ ಮುಂದಿನ ವರ್ಷ ಕಾಯಿ ಎಲ್ಲಿಂದ ಬರಬೇಕು ಎನ್ನುತ್ತಾರೆ. ಬೋಳಿಸಬೇಕೆಂದು ಯಾರು ಹೇಳಿದರು? ಮಾವಿನಲ್ಲಿ ನಾನು ಕೇಳುತ್ತಿರುವುದು ಹೇಗೂ ಕಡಿದು ಸುಡುವ ಸೊಪ್ಪನ್ನು. ಹಲಸಿನ ಸಂಗತಿ ಸ್ವಲ್ಪ ನಾಜೂಕಿನದು. ಅದು ಕಾಂಡದಲ್ಲಿ, ದಪ್ಪ ಕೊಂಬೆಗಳಲ್ಲಿ ಕಾಯಿ ಕಟ್ಟುವ ಮರವಾದುದರಿಂದ ತುದಿಯ ಎಳೆ ರೆಂಬೆಗಳನ್ನು ದೋಟಿಯಿಂದ ಅಲ್ಲೊಂದು ಇಲ್ಲೊಂದು ಇಳಿಸಿಕೊಂಡರೆ ಕಾಯಿಗೆ ನೇರವಾಗಿ ಪೆಟ್ಟು ಬೀಳದು. ಆದರೂ ಬೇಸಗೆಯಲ್ಲಿ ಎಲ್ಲ ಕಡೆಯ ಮೇವೂ ಮುಗಿದಾಗ ಒಂದೇ ಮರದ ಮೇಲೆ ಊರೆಲ್ಲ ಮುಗಿಬಿದ್ದರೆ ಆ ಮರ ನಾಲ್ಕು ವರ್ಷ ಏಳುವುದಿಲ್ಲ. ನಮ್ಮ ಊರಿನಲ್ಲಿಯೇ ಹಾಗೆ ಸೊರಗಿದ ಎರಡು ಹಲಸುಗಳಿವೆ; ಮಾಲಿಕರ ಭಯ ಸುಳ್ಳು ಭಯವಲ್ಲ.

ಇದಕ್ಕೆ ಉಪಾಯವನ್ನು ಕಂಡುಹಿಡಿದವರು ನಮಗಿಂತ ಹೆಚ್ಚಿನ ಬರದಲ್ಲಿ ಬಾಳುವ ಜನ. ಮಹಾನವಮಿಯ ಮರುದಿನ ನಾವು ಎಲೆ ಹಂಚಿ "ಬಂಗಾರವಾಗಿರೋಣ" ಎಂದು ಹೇಳಿಕೊಳ್ಳುವ ಬನ್ನಿಯ ಮರ ರಾಜಸ್ಥಾನದಲ್ಲಿ ಖೇಜ್ಡಿ ಎನಿಸಿಕೊಳ್ಳುತ್ತದೆ. ಅದರ ಕಾಯಿ ಅಲ್ಲಿಯವರಿಗೆ ಪಲ್ಯ. ಅದರ ಎಲೆ ಲೂಂಗ್ ಎಂಬ ಹೆಸರಿನಿಂದ ಆಡು, ಒಂಟೆಗಳಿಗೆ ಮೇವು. ಹೊಲದ ನಡುವೆಯೇ ಅದನ್ನು ಉಳಿಸಿಕೊಂಡು, ಚಳಿಗಾಲದಲ್ಲಿ ರೆಂಬೆ ಸವರಿ, ಎಲೆಯನ್ನು ಒಣಗಿಸಿ ಕೂಡಿಡುತ್ತಾರೆ. ಕಾಡು ಎಲಚಿಯ ಪೊದೆಯನ್ನು ಹೀಗೆಯೇ ಕಡಿದು ಒಣಗಿಸಿ, ಬಡಿದು ಎಲೆ ಉದುರಿಸಿ, ಪಾಲಾ ಎಂಬ ಹೆಸರಿನಲ್ಲಿ ಶೇಖರಿಸುತ್ತಾರೆ. ನಾವು ಹುಲ್ಲಿನ ಬಣವೆ ಒಟ್ಟುವಂತೆ ಅವರು ಎಲೆಯನ್ನು ಒಟ್ಟುತ್ತಾರೆ. ಎಲೆಗೆ ಸಂತೆಯಲ್ಲಿ ಬೆಲೆಯೂ ಇದೆ. ಅದೇ ಖೇಜ್ಡಿ ಮರಗಳಿಗಾಗಿ 1730ರಲ್ಲಿ ಜೋಧಪುರದ ಬಳಿಯ ಖೇಜಡ್ಲಿಯಲ್ಲಿ ಬಿಷ್ಣೋಯಿ ಪಂಗಡದ 363 ಮಂದಿ ಪ್ರಾಣ ಕೊಟ್ಟರೆಂಬುದನ್ನು ಮರದ ಭಕ್ತಿಯ ಕಥೆಯೆಂದು ನಮ್ಮ ಶಾಲೆಗಳಲ್ಲಿ ಹೇಳುತ್ತೇವೆ. ಭಕ್ತಿ ನಿಜ, ಆದರೆ ಮನೆಯ ಮೇವೂ ಆ ಮರದಲ್ಲಿಯೇ ಇತ್ತೆಂಬುದನ್ನು ಸೇರಿಸಿ ಹೇಳಿದರೆ ಮಕ್ಕಳಿಗೆ ಕಥೆ ಇನ್ನಷ್ಟು ಹತ್ತಿರವಾದೀತು. ನಮ್ಮಲ್ಲಿ ಬನ್ನಿ ವರ್ಷಕ್ಕೊಂದು ದಿನದ ದೇವರು. ಉಳಿದ 364 ದಿನ ಅದರ ಕಡೆ ತಿರುಗಿ ನೋಡುವವರಿಲ್ಲ.

ಆಗಸ್ಟಿನಲ್ಲಿ ಸವರಿದ ಸೊಪ್ಪನ್ನು ನೆರಳಿನಲ್ಲಿ ಒಣಗಿಸಿ ಚೀಲ ತುಂಬಿಟ್ಟಿದ್ದರೆ ಆ ವರ್ಷದ ಚಳಿಗಾಲಕ್ಕೆ ನೆರೆಯವಳ ಮೇಕೆಗಳಲ್ಲಿ ನಾಲ್ಕಾದರೂ ಉಳಿಯುತ್ತಿದ್ದುವೆಂದು ನಾನು ಈಗಲೂ ನಂಬುತ್ತೇನೆ. ಇದಕ್ಕೆ ಯಂತ್ರ ಬೇಕಿಲ್ಲ, ಅನುದಾನ ಬೇಕಿಲ್ಲ. ತಿಳಿವಳಿಕೆಯೂ ಇಲ್ಲದೆ ಇಲ್ಲ. 1962ರಲ್ಲಿ ಝಾನ್ಸಿಯಲ್ಲಿ ಸ್ಥಾಪನೆಯಾದ ಹುಲ್ಲುಗಾವಲು ಮತ್ತು ಮೇವಿನ ಸಂಶೋಧನ ಸಂಸ್ಥೆಯ ಶಾಖೆ ಧಾರವಾಡದಲ್ಲಿದೆ. ಪಶುಗಳ ಪೋಷಣೆಯನ್ನು ಕುರಿತೇ ಸಂಶೋಧನೆ ನಡೆಸುವ ರಾಷ್ಟ್ರೀಯ ಸಂಸ್ಥೆ 1995ರಿಂದ ಬೆಂಗಳೂರಿನಲ್ಲಿ, ಹೆಸರಿನಲ್ಲಿಯೇ ಆಡನ್ನು ಇಟ್ಟುಕೊಂಡ ಆಡುಗೋಡಿಯಲ್ಲಿ, ಇದೆ. ಇಂಥ ಕಡೆಗಳಲ್ಲಿ ಬಲ್ಲವರು ಬಲ್ಲದ್ದು, ಬೇಲಿಯಾಚೆಯ ಮುದುಕಿ ಬಲ್ಲದ್ದು, ಇವೆರಡೂ ಹೆಚ್ಚು ಕಡಮೆ ಒಂದೇ. ನಡುವೆ ನಿಂತಿರುವ ತೋಟದ ಮಾಲಿಕನಿಗೂ, ಬರ ಪರಿಹಾರದ ಪಟ್ಟಿ ಮಾಡುವ ಗುಮಾಸ್ತನಿಗೂ, ನನ್ನಂಥ ಓದಿದವನಿಗೂ ಮಾತ್ರ ಅದು ತಲುಪಿಲ್ಲ. ಪಟ್ಟಿಯಲ್ಲಿ ಹುಲ್ಲಿನ ಟನ್ನುಗಳ ಪಕ್ಕದಲ್ಲಿ ಸೊಪ್ಪಿಗೂ ಒಂದು ಕಲಮು ಇರಲಿ; ಗೋಮಾಳದ ಅಂಚಿನಲ್ಲಿ, ಕೆರೆಯ ಏರಿಯಲ್ಲಿ ಗಿಡ ನೆಡುವ ಪಂಚಾಯತಿಗಳು ನೀಲಗಿರಿಯಂಥ ಮರಗಳ ಬದಲು ಹಲಸು, ಅತ್ತಿ, ನೇರಳೆಗಳನ್ನು ನೆಟ್ಟು, ಹಣ್ಣು ಊರಿಗೆ, ಸೊಪ್ಪು ಮೇಕೆಯವರಿಗೆ ಎಂದು ಬರೆದಿಡಲಿ; ತೋಪುಗಳಲ್ಲಿ ಸವರುವ ದಿನವನ್ನು ಮುಂಚಿತವಾಗಿ ಸಾರಲಿ. ಕಾಯಿ ಕದಿಯುತ್ತಾರೆಂಬ ಭಯಕ್ಕೆ ಉತ್ತರ ಸುಲಭವಾಗಿಯೇ ಇದೆ: ಸವರುವುದು ಕಾಯಿ ಇಳಿಸಿದ ಮೇಲೆ; ಆಗ ಮರದಲ್ಲಿ ಕದಿಯುವುದಕ್ಕೆ ಏನೂ ಇರುವುದಿಲ್ಲ.

ಈ ಕೊನೆಯ ಮಾತನ್ನು ಆ ತೋಪಿನ ಯಜಮಾನರಿಗೆ ಮರು ವರ್ಷ ನಾನೇ ಹೋಗಿ ಹೇಳಿದೆ. ಅವರು ಕೆಟ್ಟವರಲ್ಲ, ಯಾರೂ ಹಾಗೆ ಲೆಕ್ಕ ಹಾಕಿ ಹೇಳಿರಲಿಲ್ಲ, ಅಷ್ಟೆ. ಸ್ವಲ್ಪ ಹೊತ್ತು ಯೋಚಿಸಿ, "ಬರಲಿ ಬಿಡಿ ಮೇಷ್ಟ್ರೇ, ಆದರೆ ಒಬ್ಬೊಬ್ಬರಾಗಿ ಬರಬೇಕು, ಹುಡುಗರನ್ನು ಕರೆತರಕೂಡದು," ಎಂದರು. ಮುದುಕಿಗೆ ಹೇಳಿದಾಗ ಅವಳು ನನ್ನನ್ನು ನಂಬಲಿಲ್ಲ. ಎರಡು ಸಲ ಕೇಳಿ ಖಚಿತಪಡಿಸಿಕೊಂಡಳು. ಮರುದಿನ ಬೆಳಗ್ಗೆ ಕುಡುಗೋಲು, ಹಗ್ಗ ಹಿಡಿದು ಹೋದವಳು ಮಧ್ಯಾಹ್ನಕ್ಕೆ ಹೊರೆ ಹೊತ್ತು ಬಂದು, ಅದರಲ್ಲಿ ಬಲಿತ ಎಲೆಗಳನ್ನು ಒಂದು ಕಡೆಗೆ, ಎಳೆಯವನ್ನು ಇನ್ನೊಂದು ಕಡೆಗೆ ಬೇರ್ಪಡಿಸುತ್ತ ಕುಳಿತಳು. ಏಕೆಂದು ಕೇಳಿದೆ. "ಹೊಸದಾಗಿ ಈದದ್ದು ಒಂದಿದೆ, ಅದಕ್ಕೆ ಬೇರೆ," ಎಂದಷ್ಟೇ ಹೇಳಿ ಕೆಲಸ ಮುಂದುವರಿಸಿದಳು. ಯಾವುದು ಅದಕ್ಕೆ, ಬಲಿತದ್ದೋ ಎಳೆಯದೋ, ಏತಕ್ಕೆ ಎಂಬುದನ್ನು ಕೇಳಿ ತಿಳಿಯಲು ನಾಳೆ ಮತ್ತೆ ಬೇಲಿಯ ಹತ್ತಿರ ಹೋಗಬೇಕು.